ಮಾಯಾಳ ಅಪ್ಪನ ಊರಿಗೆ

ನನ್ನ ತಂಗಿ ಮಾಯಾಳನ್ನು ಹೆತ್ತ ಅಪ್ಪ, ಮಗಳನ್ನು ಕರೆದುಕೊಂಡು ಹೋಗಲು ನೇಪಾಳದಿಂದ ತಮಿಳುನಾಡಿನ ಹೊಸೂರು ಬಳಿಯ ನಮ್ಮೂರು ಸೂಳಗಿರಿಯವರೆಗೂ ಬಂದಿದ್ದರು. ಸುಳ್ಳು ಹೇಳಿ ಅವರನ್ನು ವಾಪಸ್ಸು ಕಳಿಸಿದವನು ನಾನು. ಆಗ ನನಗೆ ಹದಿನೇಳು, ಮಾಯಾಳಿಗೆ ಏಳು. ಹದಿನೈದು ವರ್ಷ ಈ ಮಾತನ್ನು ಅವಳಿಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೋದ ದೀಪಾವಳಿಯಲ್ಲಿ ಅವಳ ಜೊತೆ ಅವಳು ಹುಟ್ಟಿದ ದೇಶಕ್ಕೆ ಹೋಗಿಬಂದೆ. ಪರದೇಶ ಅಂತ ನಾನು ಕಂಡದ್ದು ಅದೊಂದೇ. ನಾನು ಓದಿದ್ದು ಎಂಟನೇ ಕ್ಲಾಸು. ಓಡಿಸುವುದು ಕೊತ್ತಂಬರಿ, ಪುದೀನ ಸಾಗಿಸುವ ಸಣ್ಣ ಗೂಡ್ಸ್ ಗಾಡಿ. ಬರೆದು ರೂಢಿಯಿಲ್ಲ. ನೋಡಿದ್ದನ್ನೂ ಮಾಡಿದ್ದನ್ನೂ ಇದ್ದ ಹಾಗೆ ಬರೆಯುತ್ತೇನೆ.

ಸೂಳಗಿರಿ

ನಮ್ಮ ಹೊಲದ ಪಕ್ಕ ಕಾರ್ಖಾನೆಗೆ ಪಾಯ ತೆಗೆದಾಗ ಕಾವಲಿಗೆ ಒಬ್ಬ ನೇಪಾಳಿ ಬಂದರು. ಜೊತೆಗೆ ಹೆಂಡತಿ, ಎರಡು ವರ್ಷದ ಕೂಸು. ನಮ್ಮ ಪಂಪ್‌ಸೆಟ್ ಮನೆಯಲ್ಲೇ ಇದ್ದರು. ಊರೆಲ್ಲ ಅವರನ್ನು ಬಹದ್ದೂರ್ ಎಂದು ಕರೆಯಿತು. ನಾನು ಬಹದ್ದೂರಣ್ಣ ಎನ್ನುತ್ತಿದ್ದೆ. ಎರಡು ವರ್ಷಕ್ಕೆ ಆ ಹೆಣ್ಣುಮಗಳು ಜ್ವರದಲ್ಲಿ ತೀರಿಹೋದಳು. ಬಹದ್ದೂರಣ್ಣ ಕೂಸನ್ನು ನಮ್ಮ ಅಮ್ಮನ ಮಡಿಲಿಗೆ ಹಾಕಿ, ಊರಿಗೆ ಹೋಗಿ ಮೂರು ತಿಂಗಳಲ್ಲಿ ಬರುತ್ತೇನೆ ಎಂದು ಹೋದರು. ಮೂರು ವರ್ಷ ಬರಲಿಲ್ಲ. ಮಾಯಾಳನ್ನು ಶಾಲೆಗೆ ಸೇರಿಸುವಾಗ ನಮ್ಮಪ್ಪ ಆಫೀಸುಗಳಿಗೆ ಅಲೆದು ದತ್ತು ಕಾಗದ ಮಾಡಿಸಿದ. ಅಷ್ಟರಲ್ಲಿ ಹೊಲ, ಹೊಲದ ಮನೆ ಎರಡೂ ಕಾರ್ಖಾನೆಗೆ ಹೋಗಿದ್ದವು. ನಾವು ಹೈವೇ ಆಚೆ ಬದಿಯ ಒಳಬೀದಿಯಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದೆವು.

ಆ ದಿನ ಮಧ್ಯಾಹ್ನ ಮೂರೂವರೆ ಇರಬೇಕು. ಬಸ್ ನಿಲ್ಲುವ ಜಾಗದ ಟೀ ಅಂಗಡಿಯಲ್ಲಿ ನಿಂತಿದ್ದೆ. ಯಾರೋ "ರಾಜೂ!" ಎಂದರು. ತಿರುಗಿದರೆ ಬಹದ್ದೂರಣ್ಣ. ಕೈಯಲ್ಲಿ ಊರುಗೋಲು. ಮೇವು ಕಡಿಯಲು ಮರ ಹತ್ತಿ ಬಿದ್ದು ಸೊಂಟ ಮುರಿದು ಎರಡು ವರ್ಷ ಮಲಗಿದ್ದರಂತೆ. ನಮ್ಮ ಹಳೇ ಮನೆ ಇದ್ದಲ್ಲಿಗೆ ಹೋಗಿ, ಬರೀ ಕಾಂಪೌಂಡ್ ಗೋಡೆ ನೋಡಿ ಬಂದಿದ್ದರು.

"ಮಾಯಾ ಎಲ್ಲವ್ಳೆ?" ಎಂದು ಕೇಳಿದರು.

"ಹೊಸೂರಿನ ದೊಡ್ ಮನೆಯೋರು ಸಾಕ್ತೀವಿ ಅಂತ ಕರ್ಕೊಂಡೋದ್ರು ಅಣ್ಣ. ಈಗ ಮದ್ರಾಸಲ್ಲವ್ರಂತೆ. ಅಡ್ರೆಸ್ ಗೊತ್ತಿಲ್ಲ" ಎಂದೆ. ಅಮ್ಮ ಎಲ್ಲಿ ಎಂದು ಕೇಳಿದರು. ಅಪ್ಪ ಅಮ್ಮ ತಿರುಪತಿಗೆ ಹೋಗಿದ್ದಾರೆ, ಬರುವುದು ಒಂದು ವಾರ ಆಗುತ್ತದೆ ಎಂದು ಇನ್ನೊಂದು ಸುಳ್ಳು ಸೇರಿಸಿದೆ.

ಅವರು, "ಚೆನ್ನಾಗಿ ನೋಡ್ಕೋತಾರಾ?" ಎಂದು ಮಾತ್ರ ಕೇಳಿದರು. ತಲೆಯಾಡಿಸಿದೆ. ನಾನೇ ಟೀ ಕುಡಿಸಿ, ಕೈಹಿಡಿದು ಬೆಂಗಳೂರು ಬಸ್ಸು ಹತ್ತಿಸಿದೆ. ಬಸ್ಸು ಹೋದ ಅರ್ಧ ಗಂಟೆಗೆ ಮಾಯಾ ಬ್ಯಾಗು ಜೋತಾಡಿಸುತ್ತ ಶಾಲೆಯಿಂದ ಬಂದು, "ಅಣ್ಣಾ, ಬನ್ ಕೊಡಿಸು" ಎಂದಳು. ಕೊಡಿಸಿದೆ.

ಅವರ ಜೊತೆ ಹೋಗಿದ್ದರೆ ಗುಡ್ಡದಲ್ಲಿ ಮೇಕೆ ಮೇಯಿಸಿಕೊಂಡು ಇರುತ್ತಿದ್ದಳು, ಓದು ಇರುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಆಮೇಲೆ ಹುಡುಕಿಕೊಂಡ ನೆಪ. ಆ ಹೊತ್ತಿನಲ್ಲಿ ಇದ್ದದ್ದು ಒಂದೇ: ಇವಳು ನನ್ನ ತಂಗಿ, ಕೊಡಲಾರೆ.

ನಮ್ಮಪ್ಪ ಈಗಿಲ್ಲ. ಮಾಯಾ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹೆತ್ತವರ ಹಳೇ ಫೋಟೋ ಒಂದು ಅವಳ ಬಳಿ ಇದೆ. ಬಸ್ ಸ್ಟ್ಯಾಂಡಿನ ಬಳಿ ನೂಡಲ್ಸ್ ಮಾಡುವ ನೇಪಾಳಿಗೆ ಅದನ್ನು ತೋರಿಸಿದಳು. ಆತ ಹೆಸರು ಕೇಳಿದ. ಬಹದ್ದೂರ್ ಎಂದಳು. ಆತ ನಕ್ಕ. "ನಂದೂ ಬಹದ್ದೂರ್, ನಮ್ಮಪ್ಪಂದೂ ಬಹದ್ದೂರ್, ನಮ್ ಮಾವಂದೂ ಬಹದ್ದೂರ್. ಮುಂದೆ ಒಂದು ಹೆಸರು ಇರ್ತದಲ್ಲಮ್ಮ?" ಮನೆಗೆ ಬಂದು ಅಮ್ಮನನ್ನು ಕೇಳಿದಳು. "ಬಹದ್ದೂರ್ ಅಂದ್ರೆ ಬಹದ್ದೂರೇಯಾ. ಇನ್ನೇನ್ ಹೆಸ್ರು?" ಎಂದಳು ಅಮ್ಮ. ಎರಡು ವರ್ಷ ನಮ್ಮ ತೊಟ್ಟಿಯ ನೀರು ಕುಡಿದ ಮನುಷ್ಯನ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಆದರೂ ಆತ ಫೋಟೋವನ್ನು ತನ್ನ ಕಡೆಯವರಿಗೆಲ್ಲ ಕಳಿಸಿದ. ಮೂರು ವಾರಕ್ಕೆ ನೇಪಾಳದ ಪಾಲ್ಪಾ ಎಂಬ ಜಿಲ್ಲೆಯಿಂದ ಆತನಿಗೆ ಫೋನ್ ಬಂತು. ಪಕ್ಕದಲ್ಲಿ ನಿಂತ ನಮಗೆ ಆ ಕಡೆಯ ಅಳು ಮಾತ್ರ ಕೇಳುತ್ತಿತ್ತು. "ಬಾ ಅಂತಾವ್ರೆ" ಎಂದ ಆತ. ಮಾಯಾ ನನ್ನ ಕಡೆ ನೋಡಿದಳು. "ನೀನೂ ಬತ್ತೀಯ ಅಲ್ವಾಣ್ಣ?"

ಬತ್ತೀನಿ ಎಂದೆ. ಅಲ್ಲಿಗೆ ಮುಟ್ಟುವ ಮುಂಚೆ ನಾನೇ ಹೇಳಿಬಿಡಬೇಕು, ಅವರ ಬಾಯಿಂದ ಅವಳು ಕೇಳಬಾರದು ಎಂದು ತೀರ್ಮಾನ ಮಾಡಿದೆ.

ರೈಲಿನಲ್ಲಿ

ಬೆಂಗಳೂರಿಂದ ಗೋರಖ್‌ಪುರಕ್ಕೆ ಎರಡು ದಿನಕ್ಕೂ ಹೆಚ್ಚು. ಕೃಷ್ಣಾ ನದಿ ದಾಟಲಿ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಗೋದಾವರಿ ದಾಟಲಿ ಎಂದುಕೊಂಡೆ. ನದಿಗಳು ಬಂದವು, ಹೋದವು.

ನಮ್ಮ ಎದುರಿಗೆ ಹಬ್ಬಕ್ಕೆ ಊರಿಗೆ ಹೊರಟಿದ್ದ ಒಂದು ಸಂಸಾರ. ಆ ಕಡೆಯವರು ಪೂರಿ ಪಲ್ಯ ಬಿಚ್ಚಿದರೆ ಎದುರಿಗಿದ್ದವರಿಗೆ ಕೊಡದೆ ತಿನ್ನುವುದಿಲ್ಲ. ಕೊಟ್ಟ ಮೇಲೆ ವಿಚಾರಣೆ ಮಾಡದೆ ಬಿಡುವುದೂ ಇಲ್ಲ. ಆ ಹೆಂಗಸು ಮಾಯಾಳನ್ನೂ ನನ್ನನ್ನೂ ಎರಡು ಸಲ ನೋಡಿ, ಇವಳು ನಿನಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದಳು. ತಂಗಿ ಎಂದೆ. ಒಡಹುಟ್ಟಿದವಳಾ ಎಂದಳು. ನಾನು ಬಾಯಿ ತೆರೆಯುವ ಮುಂಚೆ ಮಾಯಾ ತನ್ನ ಕಾರ್ಖಾನೆ ಹಿಂದಿಯಲ್ಲಿ, "ಹೂಂ, ಒಡಹುಟ್ಟಿದವಳೇ" ಎಂದು ಪೂರಿ ಮುರಿದಳು. ಹೆಂಗಸು ಉಪ್ಪಿನಕಾಯಿ ಮುಂದಕ್ಕೆ ತಳ್ಳಿದಳು. ಆ ಮಾತು ಕೇಳಿದ ಮೇಲೆ ಅವತ್ತು ನನ್ನ ನಾಲಿಗೆ ಏಳಲಿಲ್ಲ.

ಎರಡನೇ ದಿನ ಕಿಟಕಿಯ ಹತ್ತಿರ ಕೂತಿದ್ದಾಗ ಅವಳೇ ಹೇಳಿದಳು: "ಅಣ್ಣಾ, ನಾನ್ ಅವ್ರನ್ನ ಅಪ್ಪ ಅಂತ ಕರೀತೀನೋ ಇಲ್ವೋ ಗೊತ್ತಿಲ್ಲ. ಒಂದೇ ಒಂದು ಕೇಳ್ತೀನಿ. ಯಾಕ್ ಬರ್ಲಿಲ್ಲ ಅಂತ. ಒಂದ್ ದಪ ಬಂದು ನೋಡ್ಕೊಂಡ್ ಹೋಗಿದ್ರೂ ಸಾಕಾಗಿತ್ತು ನಂಗೆ."

"ಏನೋ ಕಷ್ಟ ಇತ್ತೇನೋ" ಎಂದೆ.

"ಇಪ್ಪತ್ ವರ್ಷದ್ ಕಷ್ಟನಾ?" ಎಂದಳು.

ನಾನು ಎದ್ದು ನೀರು ತರುವ ನೆಪದಲ್ಲಿ ಬಾಗಿಲ ಬಳಿ ಹೋಗಿ ನಿಂತೆ.

ಸುನೌಲಿ

ಗೋರಖ್‌ಪುರದಲ್ಲಿ ಇಳಿದು ಬಸ್ಸಿನಲ್ಲಿ ಗಡಿಯ ಸುನೌಲಿಗೆ ಬಂದೆವು. ಎರಡು ದೇಶದ ಗಡಿ ಎಂದರೆ ಏನೋ ದೊಡ್ಡದು ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಹೊಸೂರಿನ ಹತ್ತಿರ ಕರ್ನಾಟಕ ಮುಗಿದು ತಮಿಳುನಾಡು ಶುರುವಾಗುವ ನಮ್ಮ ಜೂಜುವಾಡಿಯೇ. ಅದೇ ಲಾರಿಗಳ ಸಾಲು, ಅದೇ ಧೂಳು, ಗಡಿಯ ಆಚೆ ಈಚೆ ಒಂದೇ ಬಿಸ್ಕತ್ತು ಮಾರುವ ಅಂಗಡಿಗಳು. ಜೂಜುವಾಡಿ ದಾಟಿದರೆ ಬೋರ್ಡಿನ ಅಕ್ಷರ ಬದಲಾಗುತ್ತದೆ. ಇಲ್ಲಿ ಅಕ್ಷರವೂ ಹಿಂದಿಯದೇ ಥರ. ಮಧ್ಯದಲ್ಲಿ ಒಂದು ಕಮಾನು, ಅದರ ಕೆಳಗೆ ಜನ ಚೀಲ ಹೊತ್ತು ನಡೆದುಹೋಗುತ್ತಾರೆ.

ನಮ್ಮನ್ನು ಒಬ್ಬ ಮಹಿಳಾ ಪೊಲೀಸ್ ತಡೆದರು. ನೇಪಾಳಿ ಹುಡುಗಿಯರನ್ನು ಮೋಸದಿಂದ ಸಾಗಿಸುವವರು ಇರುತ್ತಾರಂತೆ; ಅದಕ್ಕೆ ಹೆಣ್ಣುಮಕ್ಕಳ ಜೊತೆ ಇರುವ ಗಂಡಸರನ್ನು ವಿಚಾರಿಸುತ್ತಾರೆ. ಮಾಯಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ನೇಪಾಳಿಯಲ್ಲಿ ಏನೋ ಕೇಳಿದರು. ಮಾಯಾಳಿಗೆ ಗಾಬರಿಯಾದರೆ ತಮಿಳು ಬರುತ್ತದೆ. "ತೆರಿಯಾದು ಮೇಡಂ", ಗೊತ್ತಿಲ್ಲ ಎಂದಳು. ಆಕೆ ಕಣ್ಣು ಬಿಟ್ಟು ನೋಡಿದರು. ವೋಟರ್ ಕಾರ್ಡು ತೆಗೆದರೆ ಅದರ ತುಂಬ ತಮಿಳು. ಕೊನೆಗೆ ಅಮ್ಮನಿಗೆ ವೀಡಿಯೋ ಕಾಲ್ ಮಾಡಿದೆವು. ಅಮ್ಮ ಪೊಲೀಸ್ ಮುಖ ಕಂಡದ್ದೇ ಸೆರಗು ಸರಿಮಾಡಿಕೊಂಡು, "ಯಾಕ್ಲಾ ರಾಜ, ಏನ್ ಮಾಡ್ಬುಟ್ಟೆ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿಯನ್ನು ಹೆತ್ತವರಿಂದ ಕದ್ದವನನ್ನು ಹುಡುಕಲು ನಿಂತ ಆಕೆ ನನ್ನ ಬೆನ್ನು ತಟ್ಟಿ ಒಳಗೆ ಬಿಟ್ಟರು.

ಆ ಕಡೆ ಬೀದಿನಾಯಿಗಳ ಕೊರಳಲ್ಲೆಲ್ಲ ಬಾಡಿದ ಚೆಂಡುಹೂವಿನ ಹಾರ, ಹಣೆಯಲ್ಲಿ ಕುಂಕುಮ. ಅವರ ದೀಪಾವಳಿ ಐದು ದಿನ. ಹಿಂದಿನ ದಿನ ನಾಯಿಗಳ ಹಬ್ಬವಂತೆ. ನಮ್ಮಲ್ಲಿ ಪಟಾಕಿ ಸದ್ದಿಗೆ ನಾಯಿಗಳು ಅಟ್ಟದ ಕೆಳಗೆ ನಡುಗುತ್ತಿರುತ್ತವೆ.

ಗುಡ್ಡದ ದಾರಿ

ರಾತ್ರಿ ಬುಟವಲ್ ಎಂಬ ಊರಿನಲ್ಲಿ ತಂಗಿದ್ದು ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಆರೂಮುಕ್ಕಾಲಿಗೇ ಹೋದೆವು. ಬಸ್ಸು ಹೊರಟುಹೋಗಿತ್ತು. ಜಗಳಕ್ಕೆ ನಿಂತೆ. ಟಿಕೆಟ್ ಕೊಡುವವನು ಗೋಡೆ ಗಡಿಯಾರ ತೋರಿಸಿದ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನನ್ನ ಕೈಗಡಿಯಾರ ಇನ್ನೂ ಸೂಳಗಿರಿಯಲ್ಲಿತ್ತು.

ಮುಂದಿನ ಬಸ್ಸಿನಲ್ಲಿ ಕಂಡಕ್ಟರ್ ಮಾಯಾಳನ್ನು "ಬಹಿನಿ" ಎಂದ. ತಂಗಿ ಎಂದು ಅರ್ಥ. ಅಲ್ಲಿ ಎಳೆಯ ಹೆಣ್ಣುಮಕ್ಕಳೆಲ್ಲ ಬಹಿನಿಯರೇ. ಅವನು ಕೇಳಿದ್ದಕ್ಕೆ ಅವಳು ಉತ್ತರ ಕೊಡದಿದ್ದುದನ್ನು ಕಂಡು ಹಿಂದಿನ ಸೀಟಿನ ಮುದುಕಿ ಗೊಣಗಿದಳು. ಇಂಡಿಯಾಕ್ಕೆ ಹೋಗಿ ಬಂದ ಹುಡುಗಿಯರಿಗೆ ಜಂಬ ಎಂದಳಂತೆ. ಪಕ್ಕದವರು ಹಿಂದಿಯಲ್ಲಿ ತಿಳಿಸಿದರು. ಬಸ್ಸಿನವರೆಲ್ಲ ನನ್ನನ್ನು ನೋಡುತ್ತಿದ್ದರು. ಎಲ್ಲಿಯವನು, ಇಲ್ಲಿ ಏನು ಕೆಲಸ ಎಂದು ಮೂರು ಜನ ಕೇಳಿದರು. ನಮ್ಮೂರ ಬಸ್ಸಿನಲ್ಲಿ ಮಾಯಾಳನ್ನು ದಿನಾ ಹೀಗೆ ನೋಡುತ್ತಾರೆ, ಹಿಂದಿಯಲ್ಲಿ ಮಾತಾಡಿಸುತ್ತಾರೆ. ಅವಳು ಕನ್ನಡದಲ್ಲೋ ತಮಿಳಿನಲ್ಲೋ ಉತ್ತರ ಕೊಟ್ಟರೆ ಚಪ್ಪಾಳೆ ಹೊಡೆದವರೂ ಇದ್ದಾರೆ. ಅವಳಿಗೆ ಅದು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ.

ಅಂಚೆಟ್ಟಿ ಘಾಟಿಯಲ್ಲಿ ಗಾಡಿ ಓಡಿಸಿದ್ದೇನೆ, ತಿರುವುಗಳ ಬಗ್ಗೆ ನನಗೆ ಯಾರೂ ಹೇಳಬೇಕಿಲ್ಲ ಎಂಬ ಜಂಬ ಇತ್ತು. ಇಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಡ್ರೈವರ್ ಒಂದು ಕೈಯಲ್ಲಿ ಕಿತ್ತಳೆ ಸುಲಿಯುತ್ತಿದ್ದ. ಒಂದು ಕಡೆ ಮಣ್ಣು ಕುಸಿದಿತ್ತು. ಎಲ್ಲರನ್ನೂ ಇಳಿಸಿದರು. ಜನ ಬೈಯಲಿಲ್ಲ, ಹಾರನ್ ಮಾಡಲಿಲ್ಲ. ರಸ್ತೆ ಬದಿಯಲ್ಲಿ ಕೂತು ಅವಲಕ್ಕಿ ಬಿಚ್ಚಿದರು. ಮಾಯಾ ಒಂದು ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದು ಹೋದೆ.

"ಮಾಯಿ, ಒಂದ್ ಮಾತು."

"ಏನಣ್ಣಾ?"

ಅವಳ ಮುಖ ನೋಡಿದೆ. "ಅಲ್ನೋಡು, ಬಿಳೀ ಬೆಟ್ಟ ಕಾಣ್ತದೆ."

"ಬೆಳಿಗ್ಗೆಯಿಂದ ಬೆಟ್ಟಾನೇ ತೋರಿಸ್ತಿದೀಯ. ಏನಾಗದೆ ನಿಂಗೆ?" ಎಂದಳು.

ಏನಿಲ್ಲ ಎಂದೆ. ಅದಾದ ಮೇಲೆ ಮನೆ ಮುಟ್ಟುವವರೆಗೂ ಬೇರೆ ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೂ ಹೇಳುತ್ತಿದ್ದೆ ಎಂದು ಈಗ ಆಣೆ ಮಾಡಲಾರೆ.

ಕೆಮ್ಮಣ್ಣಿನ ಮನೆ

ಬಸ್ಸು ಇಳಿದು ಜೀಪು ಹತ್ತಿದೆವು, ಜೀಪು ಇಳಿದು ಒಂದು ಗಂಟೆ ನಡೆದೆವು. ಮೆಟ್ಟಿಲು ಮೆಟ್ಟಿಲಾಗಿ ಹೊಲ, ಕೆಮ್ಮಣ್ಣು ಬಳಿದ ಮನೆ, ಸೂರಿನಿಂದ ಜೋತುಬಿದ್ದ ಮುಸುಕಿನ ಜೋಳದ ಗೊಂಚಲು. ಅಂಗಳದಲ್ಲಿ ಬಹದ್ದೂರಣ್ಣ ಊರುಗೋಲು ಹಿಡಿದು ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಅವರ ಹೆಸರು ತುಲ್ ಬಹಾದುರ್ ಎಂದು ಅವತ್ತು ತಿಳಿಯಿತು. ಪಕ್ಕದಲ್ಲಿ ಅವರ ಎರಡನೇ ಹೆಂಡತಿ, ಹಬ್ಬಕ್ಕೆ ಬಂದ ಅವರ ಅಕ್ಕ.

ಮಾಯಾ ಅಂಗಳದ ಅಂಚಿನಲ್ಲೇ ನಿಂತುಬಿಟ್ಟಳು. ಅವರೇ ಕುಂಟುತ್ತ ಬಂದು ಅವಳ ತಲೆ ಮುಟ್ಟಿ, ಮುಖ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನನ್ನನ್ನು ನೋಡಿದರು. ಗುರುತು ಸಿಕ್ಕಿತು.  ಮದ್ರಾಸಿಗೆ ಹೋದಳೆಂದು ನಾನು ಹೇಳಿದ್ದ ಮಗಳು, ನನ್ನನ್ನೇ ಅಣ್ಣ ಎನ್ನುತ್ತ ನನ್ನ ಪಕ್ಕದಲ್ಲಿ ನಿಂತಿದ್ದಳು.

"ಬಾ ರಾಜು" ಎಂದರು. "ದೊಡ್ಡೋನಾಗ್ಬುಟ್ಟೆ." ಅಷ್ಟು ವರ್ಷವಾದರೂ ಅವರ ಕನ್ನಡ ನಮ್ಮೂರಿನದೇ, ಅಲ್ಲಲ್ಲಿ ಮುರಿದಿತ್ತು, ಅಷ್ಟೆ.

ಒಳಗೆ ಕೂತ ಮೇಲೆ ಮಾಯಾ ತಡಮಾಡಲಿಲ್ಲ. "ಯಾಕ್ ಬರ್ಲಿಲ್ಲ?" ಎಂದಳು.

ಅವರು ಸೊಂಟ ತೋರಿಸಿದರು. "ಬಿದ್ದೆ. ಎರಡು ವರ್ಷ ಏಳಕಾಗ್ಲಿಲ್ಲ."

"ಎದ್ಮೇಲೆ?"

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಮಾಯಾ ನನ್ನ ತೋಳಿಗೆ ತಾಗಿ ಕೂತಿದ್ದಳು. ಅದನ್ನೂ ನೋಡಿದರು. 

"ಎದ್ಮೇಲೂ ಬರ್ಲಿಲ್ಲಮ್ಮ" ಎಂದರು. "ತಪ್ಪು ನಂದು."

ಮಾಯಾ ಮತ್ತೆ ಅವರ ಮುಖ ನೋಡಲಿಲ್ಲ.

ಊಟಕ್ಕೆ ಕಂಚಿನ ತಟ್ಟೆಯಲ್ಲಿ ಬಿಸಿ ಮುದ್ದೆ ಬಂತು. ಅವರು ಢಿಂಡೋ ಎನ್ನುತ್ತಾರೆ. ಹಿಟ್ಟು ನಮ್ಮ ರಾಗಿಯದೇ. ನಮ್ಮ ಹಾಗೆ ಉಂಡೆ ಕಟ್ಟುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು ಮಾತ್ರ ಹಾಗೆಯೇ. ಬಹದ್ದೂರಣ್ಣ ನಮ್ಮ ಅಮ್ಮನ ಕೈ ಮುದ್ದೆಯನ್ನು ಯಾಕೆ ಅಷ್ಟು ಇಷ್ಟಪಡುತ್ತಿದ್ದರು ಎಂದು ಅರ್ಥವಾಯಿತು. ಅವರು ತಮ್ಮ ತಟ್ಟೆಯಿಂದ ತುಪ್ಪ ಬಳಿದು ಮಾಯಾಳ ತಟ್ಟೆಗೆ ಹಾಕಿದರು. ಅವಳು ಆ ಭಾಗ ಬಿಟ್ಟು ಉಂಡಳು.

ಕೈ ತೊಳೆಯುವಾಗ ನನಗೆ ಹೇಳಿದಳು: "ನೋಡ್ದಾ? ಒಂದ್ ಸುಳ್ ಕಾರಣನಾದ್ರೂ ಹೇಳ್ಬೋದಿತ್ತು. ನಾಳೆ ಹಬ್ಬ ಮುಗಿಸ್ಕೊಂಡು ಹೋಗ್ಬುಡಾಣ. ನಂಗೆ ಇರೋದು ನೀನೂ ಅಮ್ಮನೂವೆ."

ಇಷ್ಟು ದಿನ ಯಾವ ಮಾತು ಬಯಲಾಗಬಾರದು ಎಂದು ಹೆದರಿದ್ದೆನೋ, ಅದನ್ನು ಆ ಮನುಷ್ಯ ತಾವೇ ನುಂಗಿದ್ದರು. ನಾನು ಬದುಕಿಕೊಂಡಿದ್ದೆ. ಸುಮ್ಮನಿದ್ದರೆ ಸಾಕಾಗಿತ್ತು. ಮಾಯಾ ತನ್ನ ಅಪ್ಪನನ್ನು ಬೇಡವೆಂದುಕೊಂಡು, ನನ್ನ ಕೈಹಿಡಿದು ಗುಡ್ಡ ಇಳಿಯುತ್ತಿದ್ದಳು. ಅವತ್ತೂ ನಾನು ಸುಮ್ಮನೇ ಇದ್ದೆ.

ಟೀಕಾ ದಿನ

ಅವರ ಹಬ್ಬದ ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ಟೀಕಾ ಇಡುತ್ತಾರೆ. ನಮ್ಮಲ್ಲಿ ಇಂಥದ್ದು ಇಲ್ಲ. ಬೆಳಿಗ್ಗೆ ಅಂಗಳ ಸಾರಿಸಿ ಎರಡು ಚಾಪೆ ಹಾಕಿದ್ದರು. ಒಂದರಲ್ಲಿ ಬಹದ್ದೂರಣ್ಣ ಕೂತರು, ಟೀಕಾ ಇಡುವವರು ಅವರ ಅಕ್ಕ. ಪಕ್ಕದ ಚಾಪೆಗೆ ನನ್ನನ್ನು ಕರೆದರು. ಮಾಯಾಳ ಅಣ್ಣ ನಾನು ತಾನೆ.

ದಪ್ಪ ಹೂವಿನ ಹಾರಗಳು ತಟ್ಟೆಯಲ್ಲಿದ್ದವು. ನೋಡಿದರೆ ನಮ್ಮ ಕಡೆ ಹೊಲದ ಬದುವಿನಲ್ಲಿ ಬೆಳೆಯುವ ವಾಡಾಮಲ್ಲಿ. ಒಣಗಿದರೂ ಬಣ್ಣ ಬಿಡದ ಹೂವು, ಅದಕ್ಕೇ ಇದು ಎಂದು ಆ ಹಿರಿಯಕ್ಕ ಸನ್ನೆಯಲ್ಲಿ ಹೇಳಿದರು. ಅವರು ಮಾಡಿದ್ದನ್ನೇ ಮಾಯಾ ನೋಡಿಕೊಂಡು ಮಾಡಬೇಕಿತ್ತು. ಮೊದಲು ಹೊಸ್ತಿಲ ಮೇಲೆ ಕಲ್ಲಿನಿಂದ ಅಕ್ರೋಟು ಒಡೆಯಬೇಕು. ಅಣ್ಣನಿಗೆ ಕೇಡು ಬಯಸುವವರ ತಲೆ ಅದು. ಮಾಯಾ ಹೊಡೆದ ಏಟಿಗೆ ಅಕ್ರೋಟು ಹಾರಿ ಕೋಳಿಗೂಡಿಗೆ ಬಿತ್ತು. ಎಲ್ಲರೂ ನಕ್ಕರು. "ನಿನ್ ಶತ್ರು ಗಟ್ಟಿ ಕಣಣ್ಣಾ" ಎಂದಳು. ಮೂರನೇ ಏಟಿಗೆ ಒಡೆಯಿತು.

ಆಮೇಲೆ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಹಿರಿಯಕ್ಕ ತಮ್ಮನ ಸುತ್ತ ಗೆರೆ ಎಳೆದರು. ಮಾಯಾ ನನ್ನ ಸುತ್ತ ಎಳೆದಳು. ಆ ಗೆರೆ ದಾಟಿ ಯಮನೂ ಬರಲಾರ, ತಂಗಿ ಕಾವಲು ಹಾಕಿದ ಜಾಗ ಅದು ಎಂದು ಬಹದ್ದೂರಣ್ಣ ಹೇಳಿದರು. ಮಾಯಾಳಿಗೆ ಹೇಳಿದ್ದು. ಅವಳು ಅವರ ಕಡೆ ನೋಡದೆ ಮೂರು ಸುತ್ತು ಮುಗಿಸಿದಳು. ಗರಿಕೆಯ ತುದಿ ಅವರ ಕಾಲ ಹತ್ತಿರ ಬಂದಾಗ ಕೈಯನ್ನು ಒಳಕ್ಕೆ ಎಳೆದುಕೊಂಡಳು.

ಬಣ್ಣದ ತಟ್ಟೆ ಹಿಡಿದು ನನ್ನ ಎದುರಿಗೆ ಮಂಡಿಯೂರಿದಳು. ಬೆರಳು ಹಣೆಯ ಹತ್ತಿರ ಬಂತು. ನಾನು ಅವಳ ಕೈ ಹಿಡಿದೆ.

"ಬ್ಯಾಡ ಮಾಯಿ. ನಿಮ್ಮಪ್ಪ ಬಂದಿದ್ರು."

"ಏನು?"

"ನಿನಗೆ ಏಳು ವರ್ಷ ಇದ್ದಾಗ. ಊರುಗೋಲು ಹಿಡ್ಕೊಂಡು ಸೂಳಗಿರಿಗೆ ಬಂದಿದ್ರು, ನಿನ್ನ ಕರ್ಕೊಂಡೋಗಾಕೆ. ನಾನೇ ಸುಳ್ ಹೇಳಿ ಬಸ್ ಹತ್ತಿಸ್ಬುಟ್ಟೆ. ನೀನು ಮದ್ರಾಸಿಗೆ ಹೋದೆ ಅಂತ ಹೇಳ್ದೆ. ನೆನ್ನೆ ಅವ್ರು ಹೇಳಿದ್ದು ನನ್ನ ಉಳಿಸಾಕೆ."

ಹಿರಿಯಕ್ಕನ ಕೈ ತಮ್ಮನ ಹಣೆಯ ಮೇಲೇ ನಿಂತಿತ್ತು. ಬಹದ್ದೂರಣ್ಣ, "ಇರ್ಲಿ ಬಿಡು ರಾಜು, ಹಬ್ಬದ ದಿನ" ಎಂದರು. ಅದರಿಂದಲೇ ಮಾಯಾಳಿಗೆ ಇದು ನಿಜವೆಂದು ತಿಳಿದಿರಬೇಕು. ಅವಳು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಅವತ್ತು ನಾನ್ ಎಲ್ಲಿದ್ದೆ?"

"ಸ್ಕೂಲಲ್ಲಿ."

"ಅಲ್ಲೇ? ರೋಡಿನ ಆ ಕಡೆ?"

"ಹೂಂ."

ಎದ್ದು ಅಂಗಳದ ಕಟ್ಟೆಯವರೆಗೂ ಹೋದಳು. ನಮಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತಳು. ಯಾರೂ ಕರೆಯಲಿಲ್ಲ. ವಾಪಸ್ಸು ಬಂದಾಗ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ನನ್ನ ಹತ್ತಿರ ಬರಲಿಲ್ಲ. ತನ್ನ ಅಪ್ಪನ ಚಾಪೆಯ ಪಕ್ಕ ನೆಲದ ಮೇಲೆ ಕೂತಳು.

"ತಲೆ ಬಗ್ಗಿಸ್ಕೊಂಡ್ ಗೊಣಗ್ಬೇಡ" ಎಂದಳು. "ಇವ್ರಿಗೆ ಹೇಳು. ಮುಖ ನೋಡ್ಕೊಂಡು, ಎಲ್ರಿಗೂ ಕೇಳಂಗೆ ಹೇಳು."

ನಾನು ಅವರ ಕಡೆ ತಿರುಗಿದೆ.  ಮುಖ ನೋಡಿಕೊಂಡೇ ಹೇಳಿದೆ.

"ಬಹದ್ದೂರಣ್ಣ, ಅವತ್ತು ನಿಮ್ ಮಗಳು ಸೂಳಗಿರಿನಲ್ಲೇ ಇದ್ಲು. ಅರ್ಧ ಗಂಟೆ ಇದ್ದಿದ್ರೆ ನೀವು ನೋಡ್ತಿದ್ರಿ. ನಾನೇ ನಿಮ್ಮನ್ನ ಇರಾಕೆ ಬಿಡ್ಲಿಲ್ಲ. ನನ್ನ ನಂಬ್ಕೊಂಡು ಹೋದ್ರಿ. ತಪ್ಪಾಯ್ತು. ನಿಮಗೂ, ಮಾಯಿಗೂ, ಇಬ್ರಿಗೂ ನಾನು ತಪ್ ಮಾಡ್ಬುಟ್ಟೆ. ಕ್ಷಮಿಸಿ."